ಲೆಕ್ಕ ತಂಡದ ಕೈಯಲ್ಲಿ, ಚೆಂಡು ಹುಡುಗನ ಕೈಯಲ್ಲಿ: ಪೈರೇಟ್ಸ್ ಮತ್ತು ಪಾಲ್ ಸ್ಕೀನ್ಸ್

2024ರ ಜುಲೈ 11, ಮಿಲ್ವಾಕಿ. ಅಮೆರಿಕದ ಬೇಸ್‌ಬಾಲ್ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಪಿಚರ್, ಅಂದರೆ ಚೆಂಡು ಎಸೆಯುವ ಆಟಗಾರ, ಪಾಲ್ ಸ್ಕೀನ್ಸ್ ಏಳು ಇನ್ನಿಂಗ್ಸ್ ಮುಗಿಸಿದ್ದರು. ಎದುರಾಳಿ ಬ್ರೂವರ್ಸ್‌ಗೆ ಅಲ್ಲಿಯವರೆಗೆ ಒಂದೂ ಹಿಟ್ (ಹೊಡೆದು ಬೇಸ್ ತಲುಪುವುದು) ಇಲ್ಲ. 11 ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ಬ್ಯಾಟ್ಸ್‌ಮನ್ ಔಟ್; ಒಂದೇ ಒಂದು ವಾಕ್, ಅಂದರೆ ನಾಲ್ಕು ಗುರಿತಪ್ಪಿದ ಎಸೆತಕ್ಕೆ ಪುಕ್ಕಟೆ ಬೇಸ್; ಸ್ಕೋರು 1-0. ಇನ್ನು ಆರು ಔಟ್ ಆಗಿದ್ದರೆ ನೋ-ಹಿಟರ್, ಅಂದರೆ ಒಂದೂ ಹಿಟ್ ಕೊಡದ ಪೂರ್ತಿ ಪಂದ್ಯ. ಬೇಸ್‌ಬಾಲ್‌ನಲ್ಲಿ ಅದರ ತೂಕ ಕ್ರಿಕೆಟ್ಟಿನ ಹತ್ತು ವಿಕೆಟ್ ಗೊಂಚಲಿಗೆ ಹತ್ತಿರದ್ದು. ಆಗ 22 ವರ್ಷದ ಸ್ಕೀನ್ಸ್ ದೊಡ್ಡ ಲೀಗಿಗೆ, ಅಂದರೆ ಮೇಜರ್ ಲೀಗಿಗೆ, ಬಂದು ಸರಿಯಾಗಿ ಎರಡು ತಿಂಗಳಾಗಿತ್ತು. ಆದರೆ ಎಸೆತಗಳ ಲೆಕ್ಕ 99ಕ್ಕೆ ಬಂದು ನಿಂತಿತ್ತು. ಎಂಟನೇ ಇನ್ನಿಂಗ್ಸಿಗೆ ಮೌಂಡ್ (ಪಿಚರ್ ನಿಂತು ಎಸೆಯುವ ದಿಬ್ಬ) ಹತ್ತಿದ್ದು ಬೇರೊಬ್ಬ ಪಿಚರ್. ಬ್ರೂವರ್ಸ್‌ಗೆ ಮೊದಲ ಹಿಟ್ ಸಿಕ್ಕಿದ್ದೂ ಅದೇ ಇನ್ನಿಂಗ್ಸಿನಲ್ಲಿ. ಪಂದ್ಯವನ್ನು ಪೈರೇಟ್ಸ್ 1-0ರಲ್ಲಿ ಗೆದ್ದಿತು, ಸ್ಕೀನ್ಸ್‌ರನ್ನು ತೆಗೆದದ್ದು ಸರಿಯೇ ಎಂಬ ಜಗಳ ಮಾತ್ರ ಅಲ್ಲಿಗೆ ಮುಗಿಯಲಿಲ್ಲ.

ಇಂಥ ಸಂದರ್ಭದಲ್ಲಿ ಎರಡು ಪಕ್ಷಗಳಾಗುತ್ತವೆ. ಇಷ್ಟು ಎದೆಗಾರಿಕೆಯ ಹುಡುಗನನ್ನು ಕಟ್ಟಿಹಾಕಬೇಡಿ ಎನ್ನುವುದು ಒಂದು, ಕೈ ಉಳಿದರೆ ತಾನೇ ಎದೆಗಾರಿಕೆ ಎನ್ನುವುದು ಇನ್ನೊಂದು. ಎರಡೂ ಕಡೆಯವರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಪಾತ್ರೆಯಲ್ಲಿ ಕಲಸಿಬಿಡುತ್ತಾರೆ. ಎಷ್ಟು ಎಸೆಯಬೇಕು ಎನ್ನುವುದು ಒಂದು ಪ್ರಶ್ನೆ, ಏನು ಎಸೆಯಬೇಕು ಎನ್ನುವುದು ಮತ್ತೊಂದು. ಮೊದಲನೆಯದರ ಲಗಾಮು ತಂಡದ ಕೈಯಲ್ಲೇ ಇರಬೇಕು. ಎರಡನೆಯದನ್ನು ಆದಷ್ಟೂ ಪಿಚರ್‌ಗೆ ಬಿಡಬೇಕು. ಈ ಎರಡನೆಯದರಲ್ಲಿ ಕೈಹಾಕಿ ಪೈರೇಟ್ಸ್ ಒಮ್ಮೆ ಚೆನ್ನಾಗಿಯೇ ಕೈ ಸುಟ್ಟುಕೊಂಡಿದೆ. ಸ್ಕೀನ್ಸ್ ವಿಷಯದಲ್ಲಿ ತಂಡ ಈಗ ನಡೆದುಕೊಳ್ಳುತ್ತಿರುವ ರೀತಿ ಅರ್ಥವಾಗಬೇಕಾದರೆ ಆ ಕಥೆ ಗೊತ್ತಿರಬೇಕು.

ಹಳೆಯ ಮನೆ, ಬರಗಾಲದ ಇಪ್ಪತ್ತು ವರ್ಷ

1882ರಲ್ಲಿ ಶುರುವಾದ ತಂಡವಿದು. 1887ರಲ್ಲಿ ನ್ಯಾಷನಲ್ ಲೀಗ್ ಸೇರಿತು. ಪೈರೇಟ್ಸ್, ಅಂದರೆ ‘ಕಡಲ್ಗಳ್ಳರು’, ಎಂಬ ಹೆಸರು ಬಂದದ್ದು ಒಂದು ಬೈಗುಳದಿಂದ: 1890ರ ಸೀಸನ್ ಮುಗಿದ ಮೇಲೆ ಲೂ ಬಿಯರ್‌ಬಾವರ್ ಎಂಬ ಆಟಗಾರನನ್ನು ಇನ್ನೊಂದು ತಂಡದ ಬಾಯಿಂದ ಕಿತ್ತುಕೊಂಡರೆಂದು ಎದುರಾಳಿಗಳು ಕರೆದ ಹೆಸರನ್ನೇ ಇವರು ಎದೆಯ ಮೇಲೆ ಬರೆಸಿಕೊಂಡರು. 1903ರ ಮೊಟ್ಟಮೊದಲ ವರ್ಲ್ಡ್ ಸೀರೀಸ್ (ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಸರಣಿ) ಆಡಿ ಬಾಸ್ಟನ್‌ಗೆ ಸೋತರು. ಗೆದ್ದದ್ದು ಐದು ಸಲ: 1909, 1925, 1960, 1971, 1979. 1909ರಲ್ಲಿ ಬೇಬ್ ಆಡಮ್ಸ್ ಎಂಬ ಹೊಸ ಪಿಚರ್ ಮೂರು ಪಂದ್ಯ ಗೆಲ್ಲಿಸಿಕೊಟ್ಟ, ಕೊನೆಯ ಏಳನೇ ಪಂದ್ಯವೂ ಅದರಲ್ಲಿ ಒಂದು. 1960ರದು ಬಿಲ್ ಮಾಜೆರೋಸ್ಕಿಯ ಹೋಮ್ ರನ್ನಿನ (ಚೆಂಡನ್ನು ಮೈದಾನದಾಚೆ ಹೊಡೆದು ಗಳಿಸುವ ರನ್) ಗೆಲುವು, ಯಾಂಕೀಸ್ ವಿರುದ್ಧ 10-9. 1971ರದು ರೊಬೆರ್ಟೊ ಕ್ಲೆಮೆಂಟೆಯ ವರ್ಷ. ಮರುವರ್ಷ ಡಿಸೆಂಬರ್ 31ರಂದು, ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ನೆರವು ಒಯ್ಯುತ್ತಿದ್ದ ವಿಮಾನ ಬಿದ್ದು ಅವರು ತೀರಿಕೊಂಡರು.

1979ರ ನಂತರ ವರ್ಲ್ಡ್ ಸೀರೀಸ್ ಮೆಟ್ಟಿಲನ್ನೂ ತಂಡ ತುಳಿದಿಲ್ಲ. 1990ರಿಂದ 92ರವರೆಗೆ ಬ್ಯಾರಿ ಬಾಂಡ್ಸ್ ಇದ್ದಾಗ ಮೂರು ವರ್ಷ ಬಾಗಿಲತನಕ ಹೋಗಿ ಹಿಂದಿರುಗಿತು. 1993ರಿಂದ 2012ರವರೆಗೆ ಸತತ 20 ಸೀಸನ್ ಗೆಲುವಿಗಿಂತ ಸೋಲೇ ಹೆಚ್ಚು. ಉತ್ತರ ಅಮೆರಿಕದ ಯಾವ ವೃತ್ತಿಪರ ತಂಡಕ್ಕೂ ಇಂಥ ದಾಖಲೆಯಿಲ್ಲ. ಆ ಬರಗಾಲದ ನಡುವೆಯೇ, 2008ರ ನವೆಂಬರಿನಲ್ಲಿ, ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಜೊತೆ ಒಪ್ಪಂದ ಮಾಡಿಕೊಂಡದ್ದೂ ಇದೇ ಪೈರೇಟ್ಸ್. ಇಬ್ಬರೂ ದೊಡ್ಡ ಲೀಗಿಗೆ ಏರಲಿಲ್ಲ. ರಿಂಕು ಮಾತ್ರ ಕೆಳಗಿನ ಲೀಗುಗಳಲ್ಲಿ ಹಲವು ವರ್ಷ ಆಡಿದರು. ಅವರ ಮೊಣಕೈಗೂ ಕೊನೆಗೆ ಶಸ್ತ್ರಚಿಕಿತ್ಸೆ ತಪ್ಪಲಿಲ್ಲ.

ಬರ ಮುರಿದದ್ದು 2013ರಲ್ಲಿ. ಆ ವರ್ಷವೇ ಗೆರಿಟ್ ಕೋಲ್ ತಂಡಕ್ಕೆ ಬಂದದ್ದು.

ಕೋಲ್ ಕಲಿಸಿದ ಪಾಠ

ಕೋಲ್ 2011ರ ಡ್ರಾಫ್ಟ್‌ನ ಮೊದಲ ಆಯ್ಕೆ. ಶಾಲೆ, ಕಾಲೇಜುಗಳ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆಗೆ ಡ್ರಾಫ್ಟ್ ಎನ್ನುತ್ತಾರೆ. ಆಗಿನ ಪೈರೇಟ್ಸ್‌ಗೆ ಒಂದು ಸಿದ್ಧ ಸೂತ್ರವಿತ್ತು. ಟೂ-ಸೀಮ್ ಸಿಂಕರ್ ಎಸೆಯಿರಿ, ಕೆಳಗೆ ಎಸೆಯಿರಿ, ಬ್ಯಾಟ್ಸ್‌ಮನ್ ನೆಲಕ್ಕೆ ಹೊಡೆಯುವಂತೆ ಮಾಡಿ, ಮಿಕ್ಕದ್ದನ್ನು ಫೀಲ್ಡರುಗಳು ನೋಡಿಕೊಳ್ಳುತ್ತಾರೆ. ಈ ಸೂತ್ರ ಸುಳ್ಳಲ್ಲ. ಎ.ಜೆ. ಬರ್ನೆಟ್, ಫ್ರಾನ್ಸಿಸ್ಕೊ ಲಿರಿಯಾನೊ ಅವರಂಥ, ಬೇರೆ ಕಡೆ ಸೋತು ಬಂದ ಹಿರಿಯ ಪಿಚರುಗಳಿಗೆ ಪಿಟ್ಸ್‌ಬರ್ಗ್ ಮರುಜೀವ ಕೊಟ್ಟಿತ್ತು. ತಪ್ಪಾದದ್ದು ಅದೇ ಕಷಾಯವನ್ನು ಎಲ್ಲರಿಗೂ ಕುಡಿಸಿದ್ದರಲ್ಲಿ.

ಕೋಲ್‌ರ ಬಲ ಇದ್ದದ್ದು ಫೋರ್-ಸೀಮ್ ಫಾಸ್ಟ್‌ಬಾಲ್‌ನಲ್ಲಿ. ಬೆರಳುಗಳನ್ನು ದಾರದ ಹೊಲಿಗೆಗೆ ಅಡ್ಡಲಾಗಿಟ್ಟು ಎಸೆದ ಆ ಚೆಂಡು ಹಿಮ್ಮುಖವಾಗಿ ವೇಗವಾಗಿ ತಿರುಗುತ್ತಾ ಬರುತ್ತದೆ. ಗುರುತ್ವಕ್ಕೆ ಎಷ್ಟು ಇಳಿಯಬೇಕೋ ಅಷ್ಟು ಇಳಿಯುವುದಿಲ್ಲ. ಎದೆಮಟ್ಟದಲ್ಲಿ ಎಸೆದರೆ ಬ್ಯಾಟು ಚೆಂಡಿನ ಕೆಳಗೆ ಹಾದುಹೋಗುತ್ತದೆ. ಸಿಂಕರ್ ಇದಕ್ಕೆ ತದ್ವಿರುದ್ಧ: ಕೊನೆಗಳಿಗೆಯಲ್ಲಿ ಇಳಿದು ಪಕ್ಕಕ್ಕೆ ಓಡುತ್ತದೆ, ಬ್ಯಾಟಿಗೆ ತಾಗುತ್ತದೆ, ಆದರೆ ಸರಿಯಾಗಿ ತಾಗುವುದಿಲ್ಲ. ಎದೆಮಟ್ಟದಲ್ಲಿ ದಾಟಿಸಬಲ್ಲ ಕೈಗೆ ಮೊಣಕಾಲು ಮಟ್ಟದಲ್ಲಿ ತಾಗಿಸು ಎಂದು ಹೇಳಿಕೊಟ್ಟರೆ ಅವನ ದೊಡ್ಡ ಆಯುಧ ಅರ್ಧದಷ್ಟು ಒರೆಯಲ್ಲೇ ಉಳಿಯುತ್ತದೆ. 2015ರಲ್ಲಿ ಕೋಲ್ 19 ಗೆಲುವು, 2.60 ಇಆರ್‌ಎ ಎಂದು ಮೆರೆದರು. ಪಿಚರ್ ಒಂಬತ್ತು ಇನ್ನಿಂಗ್ಸಿಗೆ ಸರಾಸರಿ ಎಷ್ಟು ರನ್ ಕೊಟ್ಟ ಎಂಬ ಲೆಕ್ಕ ಇಆರ್‌ಎ. ಫೀಲ್ಡಿಂಗ್ ತಪ್ಪಿನಿಂದ ಬಂದ ರನ್ ಇದರಲ್ಲಿ ಸೇರುವುದಿಲ್ಲ. 2017ಕ್ಕೆ ಅದೇ ಲೆಕ್ಕ 4.26ಕ್ಕೆ ಏರಿತ್ತು, 31 ಹೋಮ್ ರನ್ ಹೊಡೆಸಿಕೊಂಡಿದ್ದರು.

2018ರ ಜನವರಿಯಲ್ಲಿ ಬೇರೆ ಆಟಗಾರರಿಗೆ ಬದಲಾಗಿ ಅವರನ್ನು ಹ್ಯೂಸ್ಟನ್ ತಂಡಕ್ಕೆ ಕೊಟ್ಟರು. ಅಲ್ಲಿ ಸಿಂಕರ್ ಬಿಡಿಸಿದರು, ಫೋರ್-ಸೀಮ್ ಮೇಲೆತ್ತಿಸಿದರು, ದಾರಿ ಬಾಗಿಸಿ ಬರುವ ಬ್ರೇಕಿಂಗ್ ಬಾಲ್ ಹೆಚ್ಚಿಸಿದರು. ಆ ವರ್ಷ 276 ಸ್ಟ್ರೈಕ್‌ಔಟ್, ಮರುವರ್ಷ 326. ಆಮೇಲೆ ಯಾಂಕೀಸ್ ಒಂಬತ್ತು ವರ್ಷಕ್ಕೆ 32.4 ಕೋಟಿ ಡಾಲರ್ ಕೊಟ್ಟು ಒಯ್ದಿತು. ಅದೇ 2018ರ ಜುಲೈನಲ್ಲಿ ಟೈಲರ್ ಗ್ಲಾಸ್ನೋ ಎಂಬ ಇನ್ನೊಬ್ಬ ಎತ್ತರದ, ವೇಗದ ಪಿಚರ್‌ನನ್ನು ಟ್ಯಾಂಪಾಗೆ ಕೊಟ್ಟರು. ಆತನೂ ಅಲ್ಲಿ ಹೋಗಿ ಅರಳಿದ. ಕೈ ಬದಲಾಗಲಿಲ್ಲ, ಆ ಕೈಗೆ ಕೊಟ್ಟ ಸೂಚನೆ ಬದಲಾಯಿತು ಅಷ್ಟೆ.

ಸ್ಕೀನ್ಸ್ ಬಂದಾಗ ತಂಡ ಹಾಗೆ ಮಾಡಲಿಲ್ಲ. ಏರ್‌ಫೋರ್ಸ್ ಅಕಾಡೆಮಿಯಲ್ಲಿ ಕ್ಯಾಚರ್ (ಬ್ಯಾಟ್ಸ್‌ಮನ್ ಹಿಂದೆ ಕೂತು ಎಸೆತ ಹಿಡಿಯುವವ) ಆಗಿಯೂ ಆಡಿ, ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಂದು ಕಾಲೇಜು ಚಾಂಪಿಯನ್‌ಶಿಪ್ ಗೆಲ್ಲಿಸಿ, 2023ರ ಡ್ರಾಫ್ಟ್‌ನ ಮೊದಲ ಆಯ್ಕೆಯಾದವರು ಅವರು. ಸಹಿ ಹಣವೇ 92 ಲಕ್ಷ ಡಾಲರ್. ಸಿಂಕರ್ ಮತ್ತು ಸ್ಪ್ಲಿಟರ್ (ಬೆರಳು ಅಗಲಿಸಿ ಹಿಡಿದು ಎಸೆಯುವ ಚೆಂಡು) ನಡುವಿನ ಒಂದು ಎಸೆತ ಅವರ ಕೈಯಲ್ಲಿತ್ತು. ಅದಕ್ಕೆ ‘ಸ್ಪ್ಲಿಂಕರ್’ ಎಂದು ಹೆಸರು ಬಿತ್ತು. ಗಂಟೆಗೆ ಸುಮಾರು 151 ಕಿ.ಮೀ. ವೇಗದಲ್ಲಿ ಬಂದು ಬ್ಯಾಟಿನ ಹತ್ತಿರ ಬಿದ್ದುಹೋಗುವ ಎಸೆತ. ಪಠ್ಯಪುಸ್ತಕದಲ್ಲಿಲ್ಲದ ಆ ಎಸೆತವನ್ನು ತಿದ್ದಲು ತಂಡ ಹೋಗಲಿಲ್ಲ, ಅದನ್ನೇ ಮುಖ್ಯ ಆಯುಧವಾಗಿಸಿಕೊಳ್ಳಲು ಬಿಟ್ಟಿತು. ಈಗ ಪಿಚರ್ ತೊಡುವ ಪಿಚ್‌ಕಾಮ್ ಸಾಧನದ ಗುಂಡಿ ಒತ್ತಿ ಮುಂದಿನ ಎಸೆತ ಯಾವುದೆಂದು ಕ್ಯಾಚರ್‌ಗೆ ತಾನೇ ಹೇಳಲೂಬಹುದು. ಆತ್ಮವಿಶ್ವಾಸದ ಹುಡುಗನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಮೊಣಕೈಯ ಲೆಕ್ಕ

ಇನ್ನು ಎಷ್ಟು ಎಂಬ ಪ್ರಶ್ನೆ. ಕ್ರಿಕೆಟ್ ನೋಡಿ ಬೆಳೆದವರಿಗೆ 99 ಎಸೆತ ಎಂದರೆ ಹದಿನಾರೂವರೆ ಓವರ್, ಅಷ್ಟಕ್ಕೇ ಇಷ್ಟು ರಗಳೆಯೇ ಎನ್ನಿಸಬಹುದು. ವ್ಯತ್ಯಾಸ ಕೈಯಲ್ಲಿದೆ. ಬೌಲರ್ ಓಡಿಬಂದು, ಮೊಣಕೈ ನೇರವಿಟ್ಟು ಎಸೆಯುತ್ತಾನೆ. ಹೊಡೆತ ಬೀಳುವುದು ಬೆನ್ನಿನ ಕೆಳಭಾಗಕ್ಕೆ, ಪಾದಕ್ಕೆ. ಪಿಚರ್‌ಗೆ ಓಟವಿಲ್ಲ. ನಿಂತಲ್ಲಿಂದ ಒಂದು ದಾಪುಗಾಲು ಹಾಕಿ, ಬಾಗಿದ ಮೊಣಕೈಯನ್ನು ಚಾಟಿಯಂತೆ ಬಿಚ್ಚಿ, 18.44 ಮೀಟರ್ ದೂರಕ್ಕೆ ಗಂಟೆಗೆ 158 ಕಿ.ಮೀ. ವೇಗ ಹುಟ್ಟಿಸಬೇಕು. ಮುಂಗೈ ಹಿಂದಕ್ಕೆ ಮಲಗಿ ಮುಂದಕ್ಕೆ ಚಿಮ್ಮುವ ಆ ಕ್ಷಣದಲ್ಲಿ ಮೊಣಕೈಯ ಒಳಬದಿಯನ್ನು ಬಿರಿಯದಂತೆ ಹಿಡಿದಿಡುವುದು ಒಂದು ಸಣ್ಣ ಲಿಗಮೆಂಟ್. ಮುಂಗೈಯ ಸ್ನಾಯುಗಳು ಚುರುಕಾಗಿರುವಷ್ಟು ಹೊತ್ತು ಆ ಹೊರೆಯಲ್ಲಿ ಪಾಲು ಹೊರುತ್ತವೆ. ಅವು ದಣಿದಾಗ ಪೂರ್ತಿ ಭಾರ ಲಿಗಮೆಂಟಿನ ಮೇಲೆ. ಎಸೆತದ ಲೆಕ್ಕ ಇಡುವುದು ಇದಕ್ಕೇ. 100ನೇ ಎಸೆತದಲ್ಲಿ ಯಾವ ಮಂತ್ರವೂ ಇಲ್ಲ, ದಣಿದ ಸ್ನಾಯುವಿನ ಮೇಲೆ ಎಸೆಯುವ ಎಸೆತಗಳು ಕಡಿಮೆಯಾಗಲಿ ಎನ್ನುವುದಷ್ಟೇ ಉದ್ದೇಶ.

ಲಿಗಮೆಂಟ್ ಹರಿದರೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಡಾಡ್ಜರ್ಸ್ ತಂಡದ ಆ ಹೆಸರಿನ ಪಿಚರ್‌ಗೆ ಮೊದಲು ಮಾಡಿದ್ದು: ದೇಹದ ಬೇರೆ ಕಡೆಯ ಒಂದು ಸ್ನಾಯುರಜ್ಜು ತೆಗೆದು ಮೊಣಕೈಗೆ ನೇಯ್ದುಬಿಡುತ್ತಾರೆ. ಮತ್ತೆ ಮೌಂಡ್ ಹತ್ತಲು 12ರಿಂದ 18 ತಿಂಗಳು.

ಸ್ಕೀನ್ಸ್‌ರ ಇನ್ನಿಂಗ್ಸ್ ಹೇಗೆ ಏರಿತೆಂದು ನೋಡಿದರೆ ತಂಡದ ಯೋಚನೆ ಕಾಣುತ್ತದೆ. 2023ರಲ್ಲಿ ಕಾಲೇಜಿನಲ್ಲಿ 122⅔, ಡ್ರಾಫ್ಟ್ ಆದ ಮೇಲೆ ಕೆಳಗಿನ ಲೀಗುಗಳಲ್ಲಿ 6⅔, ಒಟ್ಟು 129⅓. 2024ರಲ್ಲಿ ಇಂಡಿಯಾನಾಪೊಲಿಸ್‌ನ ಟ್ರಿಪಲ್-ಎ (ದೊಡ್ಡ ಲೀಗಿಗೆ ಒಂದೇ ಮೆಟ್ಟಿಲು ಕೆಳಗಿನ ಮಟ್ಟ) ತಂಡದಲ್ಲಿ 27⅓, ದೊಡ್ಡ ಲೀಗಿನಲ್ಲಿ 133, ಒಟ್ಟು 160⅓. 2025ರಲ್ಲಿ 187⅔. ಅಂದರೆ ಮೊದಲ ವರ್ಷ 31 ಇನ್ನಿಂಗ್ಸ್ ಏರಿಕೆ, ಆಮೇಲೆ 27 ಚಿಲ್ಲರೆ. ಯುವ ಪಿಚರ್‌ಗೆ ವರ್ಷಕ್ಕೆ 30ಕ್ಕಿಂತ ಹೆಚ್ಚು ಇನ್ನಿಂಗ್ಸ್ ಏರಿಸಬೇಡಿ ಎಂಬ ಹಳೆಯ ರೂಢಿಗೆ ಇದು ಹತ್ತಿರ. ಆ 30ಕ್ಕೆ ಗಟ್ಟಿ ವೈಜ್ಞಾನಿಕ ಆಧಾರವಿಲ್ಲ ನಿಜ. ಆದರೂ ಹಗ್ಗ ಬಿಡುವಾಗ ಗೇಣು ಗೇಣಾಗಿ ಬಿಡಬೇಕು ಎಂಬ ವಿವೇಕ ಅದರಲ್ಲಿದೆ. ಈ ಮಟ್ಟಕ್ಕೆ ಬರಲು 2024ರ ಆರಂಭದಲ್ಲಿ ಟ್ರಿಪಲ್-ಎ ಪಂದ್ಯಗಳಲ್ಲಿ ಮೂರು ಇನ್ನಿಂಗ್ಸಿಗೇ ಕೈ ಕಟ್ಟಿದ್ದರು. 0.99 ಇಆರ್‌ಎ ಇದ್ದರೂ ಮೇ 11ರವರೆಗೆ ಮೇಲಕ್ಕೆ ಕರೆಯಲಿಲ್ಲ. ಬೇಗ ಕರೆದಿದ್ದರೆ ಸೆಪ್ಟೆಂಬರಿನಲ್ಲಿ ಇನ್ನಿಂಗ್ಸ್ ಉಳಿಯುತ್ತಿರಲಿಲ್ಲ. ಇದಕ್ಕೆ ಸಂಬಳದ ಲೆಕ್ಕಾಚಾರವೂ ತಳುಕು ಹಾಕಿಕೊಂಡಿದೆ, ಅದು ಮುಂದೆ.

ದಿನದ ಲೆಕ್ಕ ಬೇರೆ. ಪಂದ್ಯ ಶುರುಮಾಡುವ ಸ್ಟಾರ್ಟಿಂಗ್ ಪಿಚರ್ ಐದಾರು ದಿನಕ್ಕೊಮ್ಮೆ ಆಡುತ್ತಾನೆ. ಮಧ್ಯದ ದಿನಗಳು ರಜೆಯಲ್ಲ. ಮರುದಿನ ಹಗುರ ಓಟ, ಕಾಲಿನ ವ್ಯಾಯಾಮ. ಎರಡನೆಯ ಅಥವಾ ಮೂರನೆಯ ದಿನ ಬುಲ್‌ಪೆನ್‌ನಲ್ಲಿ (ಪಿಚರುಗಳು ಅಭ್ಯಾಸ ಮಾಡುವ ಜಾಗ) 20ರಿಂದ 30 ಎಸೆತ, ಅದೂ ಪೂರ್ತಿ ಬಲದಲ್ಲಲ್ಲ. ಹುರುಪಿನ ಹುಡುಗರು ಎಡವುವುದು ಇಲ್ಲೇ. ಹಿಂದಿನ ಪಂದ್ಯದಲ್ಲಿ ಕೈಕೊಟ್ಟ ಸ್ಲೈಡರ್ (ಪಕ್ಕಕ್ಕೆ ಜಾರುವ ಎಸೆತ) ಸರಿಮಾಡಿಯೇ ತೀರುತ್ತೇನೆಂದು 30 ಎಸೆತ 50 ಆಗುತ್ತದೆ. ಆ ಎಸೆತಗಳು ಯಾವ ಅಂಕಪಟ್ಟಿಯಲ್ಲೂ ಬರುವುದಿಲ್ಲ, ಮೊಣಕೈ ಮಾತ್ರ ಎಣಿಸಿಕೊಳ್ಳುತ್ತದೆ. ಬುಲ್‌ಪೆನ್ ಕೋಚ್ ಕೈಯಲ್ಲಿ ಒಂದು ಕ್ಲಿಕ್ಕರ್ ಇಟ್ಟುಕೊಂಡು ನಿಂತರೆ ಅರ್ಧ ಸಮಸ್ಯೆ ಮುಗಿಯಿತು.

ಮಕ್ಕಳಿಗೆ ತರಬೇತಿ ಕೊಡುವವರಿಗೂ ಇದು ಬೇಕಾದ ವಿಷಯ. ಅಮೆರಿಕದ ‘ಪಿಚ್ ಸ್ಮಾರ್ಟ್’ ಮಾರ್ಗಸೂಚಿ ಪ್ರಕಾರ ದಿನಕ್ಕೆ ಗರಿಷ್ಠ ಎಸೆತ 9-10ರ ವಯಸ್ಸಿಗೆ 75, 11-12ಕ್ಕೆ 85, 13ರಿಂದ 16ಕ್ಕೆ 95, 17-18ಕ್ಕೆ 105. ಹದಿನೇಳರ ಹುಡುಗ 81 ಅಥವಾ ಅದಕ್ಕಿಂತ ಹೆಚ್ಚು ಎಸೆದರೆ ನಾಲ್ಕು ದಿನ ಬಿಡುವು.

ದಣಿವು ಹೇಗೆ ಕಾಣುತ್ತದೆ? ಹುಡುಗನನ್ನು ಕೇಳಿದರೆ ‘ಚೆನ್ನಾಗಿದ್ದೇನೆ’ ಎನ್ನುತ್ತಾನೆ, ಎಲ್ಲರೂ ಹಾಗೇ ಎನ್ನುತ್ತಾರೆ. ಕೇಳುವುದಕ್ಕಿಂತ ನೋಡುವುದು ಮೇಲು. ಮೊದಲ ಇನ್ನಿಂಗ್ಸಿನ ವೇಗಕ್ಕಿಂತ ಎರಡು ಮೂರು ಕಿ.ಮೀ. ಇಳಿದು, ಮತ್ತೆ ಏರದಿದ್ದರೆ ಒಂದು ಗುರುತು. ಚೆಂಡು ಬಿಡುವ ಎತ್ತರ ಕೆಲವು ಬೆರಳಷ್ಟು ಇಳಿದರೆ ಇನ್ನೊಂದು. ಈಗ ಎಲ್ಲ ದೊಡ್ಡ ಮೈದಾನಗಳಲ್ಲೂ ಹಾಕ್-ಐ ಕ್ಯಾಮೆರಾ ಇದನ್ನು ಪ್ರತಿ ಎಸೆತಕ್ಕೂ ಅಳೆಯುತ್ತದೆ. ಬಲಗೈ ಪಿಚರ್‌ನ ಫಾಸ್ಟ್‌ಬಾಲ್ ಪದೇ ಪದೇ ಅವನ ಬಲಬದಿಗೆ, ಮೇಲಕ್ಕೆ ತಪ್ಪುತ್ತಿದ್ದರೆ ದೇಹ ಮುಂದೆ ಹೋಗಿ ಕೈ ಹಿಂದುಳಿಯುತ್ತಿದೆ ಎಂದರ್ಥ. ಎಸೆತಗಳ ನಡುವೆ ಟೋಪಿ ಸರಿಮಾಡಿಕೊಳ್ಳುವುದು, ಬೆರಳು ಒರೆಸಿಕೊಳ್ಳುವುದು ಹೆಚ್ಚಾದರೆ ಅದೂ ಗುರುತೇ. ಎಸೆತಕ್ಕೆ ಸಮಯದ ಮಿತಿ ಹಾಕುವ ಪಿಚ್ ಗಡಿಯಾರ ಬಂದ ಮೇಲೆ ಬೇಸ್‌ನಲ್ಲಿ ಯಾರೂ ಇಲ್ಲದಿದ್ದರೆ 15 ಸೆಕೆಂಡು, ಇದ್ದರೆ 18 ಸೆಕೆಂಡು ಮಾತ್ರ. ಉಸಿರಾಡಿಕೊಳ್ಳಲು ಹಳೆಯ ಕಾಲದ ಪುರುಸೊತ್ತಿಲ್ಲ.

ತೆಗೆಯುವ ಮಾತನ್ನು ಎಲ್ಲಿ, ಯಾವಾಗ ಹೇಳಬೇಕು ಎನ್ನುವುದು ಕೈಯ ಲೆಕ್ಕದಷ್ಟೇ ಮುಖ್ಯ. ಮೌಂಡ್ ಮೇಲೆ, ಸಾವಿರಾರು ಜನರ ಮುಂದೆ, ನೋ-ಹಿಟರ್ ನಡುವೆ ಚೌಕಾಸಿಗೆ ನಿಂತರೆ, ಪಂದ್ಯದಲ್ಲಿ ತಂಡವನ್ನು ನಡೆಸುವ ಮ್ಯಾನೇಜರ್ ಹೇಗೂ ಸೋತಂತೆ. ಒಪ್ಪಿದರೆ ಕೈಗೆ ಅಪಾಯ, ಒಪ್ಪದಿದ್ದರೆ ಹುಡುಗನಿಗೆ ಅವಮಾನ. ಪಂದ್ಯಕ್ಕೆ ಮೊದಲೇ, ಬಾಗಿಲು ಹಾಕಿ, ‘ಇವತ್ತು 95ರಿಂದ 100, ಅದು ಯಾವ ಸ್ಕೋರಿನಲ್ಲೇ ಬರಲಿ’ ಎಂದು ಹೇಳಿದ್ದರೆ ಆಗ ತೆಗೆಯುವುದು ಸಂಖ್ಯೆ, ಮ್ಯಾನೇಜರ್ ಅಲ್ಲ. ಮಾತು ಕೊಟ್ಟ ಮೇಲೆ ಅತ್ತಿತ್ತ ಆಗಬಾರದು. ಒಮ್ಮೆ 110ಕ್ಕೆ ಬಿಟ್ಟರೆ ಮುಂದಿನ ಸಲ 100 ಎಂಬ ಮಾತಿಗೆ ಬೆಲೆಯಿಲ್ಲ. 2024ರ ಮೇ 17ರಂದು ಷಿಕಾಗೋದಲ್ಲಿ ಆರು ಇನ್ನಿಂಗ್ಸ್ ಹಿಟ್ ಕೊಡದೆ ಎಸೆದಾಗಲೂ ಸ್ಕೀನ್ಸ್‌ರನ್ನು 100 ಎಸೆತಕ್ಕೆ ನಿಲ್ಲಿಸಿದ್ದರು. ಹಾಗಾಗಿ ಮಿಲ್ವಾಕಿಯ 99 ಹೊಸ ಶಿಕ್ಷೆಯಾಗಿರಲಿಲ್ಲ. ನಮ್ಮಲ್ಲಿ 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಬುಮ್ರಾ ಐದರಲ್ಲಿ ಮೂರೇ ಟೆಸ್ಟ್ ಆಡುತ್ತಾರೆಂದು ಮೊದಲೇ ಹೇಳಿದ್ದರಲ್ಲ, ಆ ಜಾಣತನವೂ ಇಂಥದ್ದೇ.

ಕಡಿವಾಣ ಹಾಕಿದ ಮಾತ್ರಕ್ಕೆ ಕೈ ಉಳಿಯುತ್ತದೆಂಬ ಭರವಸೆಯಿಲ್ಲ. ಸ್ಕೀನ್ಸ್‌ಗಿಂತ ಸ್ವಲ್ಪ ಮೊದಲು ಬಂದ ಜೇರೆಡ್ ಜೋನ್ಸ್‌ರನ್ನು ಇದೇ ತಂಡ 2024ರ ಏಪ್ರಿಲ್‌ನಲ್ಲಿ ಮೆಟ್ಸ್ ವಿರುದ್ಧ 59 ಎಸೆತಕ್ಕೇ ಹೊರಕ್ಕೆ ಕರೆದಿತ್ತು. ಅದರಲ್ಲಿ 50 ಸ್ಟ್ರೈಕ್, ಅಂದರೆ ಪಿಚರ್ ಪರವಾಗಿ ಎಣಿಸಿದವು! ಅಭಿಮಾನಿಗಳು ಕೆಂಡವಾದರು. ಅಷ್ಟು ಜೋಪಾನ ಮಾಡಿದರೂ 2025ರ ಮೇ ತಿಂಗಳಲ್ಲಿ ಅವರ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. ಸ್ಟೀಫನ್ ಸ್ಟ್ರಾಸ್‌ಬರ್ಗ್ ಕಥೆ ಇನ್ನೂ ಕಹಿ. 2010ರಲ್ಲಿ ಮೊದಲ ಪಂದ್ಯದಲ್ಲೇ ಇದೇ ಪೈರೇಟ್ಸ್ ವಿರುದ್ಧ 14 ಸ್ಟ್ರೈಕ್‌ಔಟ್ ಮಾಡಿದ ಹುಡುಗನಿಗೆ ಅದೇ ವರ್ಷ ಟಾಮಿ ಜಾನ್ ಆಯಿತು. 2012ರಲ್ಲಿ ಅವರ ತಂಡ ವಾಷಿಂಗ್ಟನ್ ನ್ಯಾಷನಲ್ಸ್ ಅವರನ್ನು 159⅓ ಇನ್ನಿಂಗ್ಸಿಗೆ ನಿಲ್ಲಿಸಿ ಪ್ಲೇಆಫ್‌ನಲ್ಲೂ ಆಡಿಸಲಿಲ್ಲ. 2019ರಲ್ಲಿ ಅವರೇ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರ. ಅದರ ನಂತರ ಎಂಟೇ ಪಂದ್ಯಗಳಲ್ಲಿ ಪಿಚ್ ಮಾಡಿ ನಿವೃತ್ತರಾದರು. 2012ರ ನಿರ್ಧಾರ ಸರಿಯೋ ತಪ್ಪೋ ಎಂದು ಇವತ್ತಿಗೂ ವಾದ ಮಾಡಬಹುದು. 2024ರ ಡಿಸೆಂಬರಿನಲ್ಲಿ ಮೇಜರ್ ಲೀಗ್ ಹೊರತಂದ ಗಾಯಗಳ ವರದಿ ಬೆರಳು ತೋರಿಸಿದ್ದು ವೇಗದ ಬೆನ್ನುಹತ್ತಿಕೆ ಮತ್ತು ಪ್ರತಿ ಎಸೆತಕ್ಕೂ ಪೂರ್ತಿ ಬಲ ಹಾಕುವ ರೂಢಿಯ ಕಡೆಗೆ. ಎಸೆತ ಎಣಿಸಿ ಅದನ್ನು ತಡೆಯಲಾಗದು. 60 ಎಸೆತವನ್ನೂ ಬೆಂಕಿಯಂತೆ ಎಸೆದರೆ 60ಕ್ಕೇ ಸುಡುತ್ತದೆ.

ಕೈ ಗಟ್ಟಿಯಾಗಿದ್ದೂ ಪಿಚರ್ ಮುಗಿದುಹೋಗಬಹುದು ಎಂಬುದಕ್ಕೂ ಪಿಟ್ಸ್‌ಬರ್ಗ್‌ನಲ್ಲೇ ಉದಾಹರಣೆಯಿದೆ. 1971ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯವನ್ನು ಪೂರ್ತಿ ಎಸೆದು ಗೆಲ್ಲಿಸಿದವರು ಸ್ಟೀವ್ ಬ್ಲಾಸ್. 1972ರಲ್ಲಿ 19 ಗೆಲುವು, 2.49 ಇಆರ್‌ಎ. 1973ರಲ್ಲಿ 88⅔ ಇನ್ನಿಂಗ್ಸಿಗೆ 84 ವಾಕ್, ಇಆರ್‌ಎ 9.85. ಗಾಯವಿಲ್ಲ, ನೋವಿಲ್ಲ, ಚೆಂಡು ಮಾತ್ರ ಹೇಳಿದ ಕಡೆ ಹೋಗುತ್ತಿರಲಿಲ್ಲ. ಎಷ್ಟೋ ಜನ ಸಲಹೆ ಕೊಟ್ಟರು, ಯಾವುದೂ ತಾಗಲಿಲ್ಲ. ಇಂದಿಗೂ ಆ ತೊಂದರೆಗೆ ಅವರದೇ ಹೆಸರು. ಹುಡುಗನ ಜಂಬ ಇಳಿಸಬೇಕು ಎಂದು ಹೊರಡುವ ಕೋಚ್‌ಗಳಿಗೆ ಈ ಅಂಕಿಗಳನ್ನು ತೋರಿಸಬೇಕು. ಮೂಲೆಗೆ ಗುರಿಯಿಟ್ಟು ಎಸೆಯುವ ಧೈರ್ಯ ಒಮ್ಮೆ ಹೋದರೆ ಅದನ್ನು ವಾಪಸು ತರುವ ಶಸ್ತ್ರಚಿಕಿತ್ಸೆ ಇಲ್ಲ.

ರನ್ ಎಲ್ಲಿ?

ಹಾಗೆ ನೋಡಿದರೆ ಪಿಚಿಂಗ್ ಮಟ್ಟಿಗೆ ಪೈರೇಟ್ಸ್ ಈ ಸಲ ಹೆಚ್ಚುಕಡಿಮೆ ಸರಿಯಾಗಿಯೇ ನಡೆದುಕೊಂಡಿದೆ. 2024ರಲ್ಲಿ ಸ್ಕೀನ್ಸ್ 1.96 ಇಆರ್‌ಎ, 170 ಸ್ಟ್ರೈಕ್‌ಔಟ್, ಲೀಗಿನ ಶ್ರೇಷ್ಠ ಹೊಸಬ. 2025ರಲ್ಲಿ 32 ಪಂದ್ಯ, 1.97, 216 ಸ್ಟ್ರೈಕ್‌ಔಟ್, ಲೀಗಿನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಸರ್ವಾನುಮತದಿಂದ. ಅದೇ ವರ್ಷದ ಗೆಲುವು ಸೋಲು: 10-10. ತಂಡದ್ದು 71-91. ಮೇ 8ರಂದು ಮ್ಯಾನೇಜರ್ ಡೆರೆಕ್ ಶೆಲ್ಟನ್‌ರನ್ನು ಕಳಿಸಿ ಡಾನ್ ಕೆಲ್ಲಿಯನ್ನು ಕೂರಿಸಿದರು. ಹತ್ತು ದಿನದ ನಂತರ ಫಿಲಡೆಲ್ಫಿಯಾದಲ್ಲಿ ಸ್ಕೀನ್ಸ್ ಎಂಟು ಇನ್ನಿಂಗ್ಸ್ ಎಸೆದು ಜೀವನದ ಮೊದಲ ಪೂರ್ಣ ಪಂದ್ಯ ಮುಗಿಸಿದರು. ಕೊಟ್ಟದ್ದು ಒಂದೇ ರನ್. ಸೋತದ್ದು 1-0. ಆ ಸೀಸನ್ನಿನಲ್ಲಿ ಇಡೀ ಲೀಗಿನಲ್ಲೇ ಅತಿ ಕಡಿಮೆ ಹೋಮ್ ರನ್ ಹೊಡೆದ ತಂಡ ಪೈರೇಟ್ಸ್, 117.

ಇಂಥ ಸೋಲು ಆತ್ಮವಿಶ್ವಾಸದ ಪಿಚರ್‌ಗೆ ಮಾಡುವ ಹಾನಿ ಸೂಕ್ಷ್ಮವಾದದ್ದು. ಒಂದು ರನ್ ಕೊಟ್ಟರೂ ಸೋಲು ಎಂದು ಗೊತ್ತಾದಾಗ ಬ್ಯಾಟಿಗೆ ತಾಗಿಸಿ ಸುಲಭ ಔಟ್ ಪಡೆಯುವ ಬದಲು ಪ್ರತಿಯೊಬ್ಬನನ್ನೂ ಸ್ಟ್ರೈಕ್‌ಔಟ್ ಮಾಡಲು ಹೋಗುತ್ತಾನೆ. ಸ್ಟ್ರೈಕ್‌ಔಟ್‌ಗೆ ಎಸೆತ ಹೆಚ್ಚು ಬೇಕು, ಬಲ ಹೆಚ್ಚು ಬೇಕು. ಮೂರು ರನ್ ಮುನ್ನಡೆ ಇರುವ ಪಿಚರ್‌ನ 95 ಎಸೆತವೂ 0-0ರಲ್ಲಿ ನಿಂತವನ 95 ಎಸೆತವೂ ಒಂದೇ ಹೊರೆಯಲ್ಲ. ಮೊಣಕೈ ಕಾಯಲು ಒಳ್ಳೆಯ ಬ್ಯಾಟ್ಸ್‌ಮನ್‌ಗಳನ್ನು ಕೊಳ್ಳುವುದೂ ಒಂದು ದಾರಿ, ತಂಡದ ವೈದ್ಯರ ಪಟ್ಟಿಯಲ್ಲಿ ಅದು ಬರುವುದಿಲ್ಲ ಅಷ್ಟೆ.

ಹಣದ ಮಾತು ಇಲ್ಲಿಗೆ ಬಂದು ಸೇರುತ್ತದೆ. ದೊಡ್ಡ ಲೀಗಿನಲ್ಲಿ 172 ದಿನ ಇದ್ದರೆ ಒಂದು ವರ್ಷದ ಸೇವೆ, ಆರು ವರ್ಷ ತುಂಬಿದರೆ ಆಟಗಾರ ಸ್ವತಂತ್ರ. ಮೇ 11ಕ್ಕೆ ಕರೆದದ್ದರಿಂದ 2024 ಪೂರ್ತಿ ವರ್ಷವಾಗುತ್ತಿರಲಿಲ್ಲ. ಆದರೆ ಶ್ರೇಷ್ಠ ಹೊಸಬ ಪ್ರಶಸ್ತಿಯ ಮತದಾನದಲ್ಲಿ ಮೊದಲೆರಡು ಸ್ಥಾನ ಪಡೆದವರಿಗೆ ಪೂರ್ಣ ವರ್ಷ ಕೊಡುವ, ಆಟಗಾರರ ಸಂಘ ಮತ್ತು ಮಾಲೀಕರ ನಡುವಿನ 2022ರ ಒಪ್ಪಂದದ ನಿಯಮದಿಂದ ಸ್ಕೀನ್ಸ್‌ಗೆ ಅದು ದಕ್ಕಿತು. ಹಾಗಾಗಿ 2029ರ ಸೀಸನ್ ಮುಗಿದರೆ ಅವರು ಯಾರ ಜೊತೆ ಬೇಕಾದರೂ ಸಹಿ ಮಾಡಬಹುದು. 2025ರಲ್ಲಿ ಅವರ ಸಂಬಳ ಸುಮಾರು 8.75 ಲಕ್ಷ ಡಾಲರ್. ಹೊಸ ಆಟಗಾರರ ಬೋನಸ್ ನಿಧಿಯಿಂದ ಅದೇ ವರ್ಷ ಬಂದದ್ದು ಸುಮಾರು 34 ಲಕ್ಷ ಡಾಲರ್, ಸಂಬಳದ ನಾಲ್ಕು ಪಟ್ಟು. ಪೈರೇಟ್ಸ್ ಇತಿಹಾಸದಲ್ಲಿ 10 ಕೋಟಿ ಡಾಲರ್ ದಾಟಿದ ಮೊದಲ ಒಪ್ಪಂದ ಬ್ರಯಾನ್ ರೆನಾಲ್ಡ್ಸ್‌ರದು, 2023ರಲ್ಲಿ, 10.67 ಕೋಟಿ. ಸ್ಕೀನ್ಸ್ ಮಟ್ಟದ ಪಿಚರ್‌ಗೆ ಮಾರುಕಟ್ಟೆ ಕೊಡುವ ಬೆಲೆ ಕೋಲ್ ಒಪ್ಪಂದವನ್ನು ನೋಡಿದರೆ ತಿಳಿಯುತ್ತದೆ: ರೆನಾಲ್ಡ್ಸ್ ಒಪ್ಪಂದದ ಮೂರು ಪಟ್ಟು.

ಇನ್ನೊಂದು ಗಡುವೂ ಇದೆ. ಆಟಗಾರರ ಸಂಘ ಮತ್ತು ಮಾಲೀಕರ ನಡುವಿನ ಈಗಿನ ಒಪ್ಪಂದದ ಅವಧಿ 2026ರ ಡಿಸೆಂಬರ್ 1ಕ್ಕೆ ಕೊನೆ. ಸೇವಾ ವರ್ಷ, ಬೋನಸ್ ನಿಧಿ, ಡ್ರಾಫ್ಟ್, ಈ ಎಲ್ಲ ನಿಯಮಗಳೂ ಆಗ ಮತ್ತೆ ಮಾತುಕತೆಯ ಮೇಜಿಗೆ ಬರುತ್ತವೆ. ಅಲ್ಲಿ ಏನೇ ತೀರ್ಮಾನವಾದರೂ ಪೈರೇಟ್ಸ್ ಮಾಡಬೇಕಾದ ಕೆಲಸ ಬದಲಾಗುವುದಿಲ್ಲ. ಐದಾರು ದಿನಕ್ಕೊಮ್ಮೆ ಮೌಂಡ್ ಹತ್ತುವ ಆ ಕೈಗೆ ಮೂರನೇ ಇನ್ನಿಂಗ್ಸಿನೊಳಗೆ ಮೂರು ರನ್ ಕೂಡಿಸಿಕೊಡಬೇಕು.